ಮೊಸಳೆಯನ್ನು ಹಿಡಿದು ದೂರ ಬಿಟ್ಟರೆ ಕಾಟ ತಪ್ಪುತ್ತದೆಯೇ?

2023ರ ಅಕ್ಟೋಬರ್‌ನಲ್ಲಿ ಒಂದು ವಿಡಿಯೊ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಕಟ್ಟಿ ತಂದು ವಿದ್ಯುತ್ ಕಚೇರಿಯ ಮುಂದೆ ಇಳಿಸಿದ್ದರು. ಬಹಳ ಜನ ನಗುವ ಎಮೋಜಿ ಹಾಕಿ ಮುಂದಕ್ಕೆ ಕಳಿಸಿದರು. ಆದರೆ ರೈತರು ಕೇಳಿದ್ದು ನಗುವ ವಿಷಯವಾಗಿರಲಿಲ್ಲ. ರಾತ್ರಿ ಹೊತ್ತು ಕರೆಂಟ್ ಕೊಟ್ಟರೆ ರಾತ್ರಿಯೇ ಹೊಲಕ್ಕೆ ನೀರು ಹಾಯಿಸಬೇಕು. ಕತ್ತಲಲ್ಲಿ ಮೊಸಳೆಯೋ ಹಾವೋ ಕಚ್ಚಿದರೆ ಯಾರು ಹೊಣೆ? ಕೊನೆಗೆ ಅರಣ್ಯ ಇಲಾಖೆಯವರು ಬಂದು ಮೊಸಳೆಯನ್ನು ಒಯ್ದರು.

ಇಂಥ ವಿಡಿಯೊಗಳ ಜೊತೆ ಸಾಮಾನ್ಯವಾಗಿ ಬರುವ ಮಾತು ಒಂದೇ: ‘ಎಲ್ಲವನ್ನೂ ಹಿಡಿದು ದೂರ ಬಿಟ್ಟುಬಿಡಿ, ಕಾಟ ಮುಗಿಯಿತು.’ ನಿಜವಾಗಿಯೂ ಮುಗಿಯುತ್ತದೆಯೇ?

ಹೊಲಕ್ಕೆ ಯಾಕೆ ಬರುತ್ತದೆ?

ಭಾರತದಲ್ಲಿ ಮೂರು ಬಗೆಯ ಮೊಸಳೆಗಳಿವೆ: ಮಗ್ಗರ್, ಉಪ್ಪುನೀರಿನ ಮೊಸಳೆ ಮತ್ತು ಉದ್ದ ಮೂತಿಯ ಘರಿಯಾಲ್. ಕೃಷ್ಣಾ, ತುಂಗಭದ್ರಾ, ಕಾವೇರಿ ಮತ್ತು ದಾಂಡೇಲಿಯ ಕಾಳಿ ನದಿಯಲ್ಲಿ ನಾವು ನೋಡುವುದು ಮಗ್ಗರ್.

ಮಗ್ಗರ್ ನೀರಿನಲ್ಲಷ್ಟೇ ಇರುವ ಪ್ರಾಣಿಯಲ್ಲ. ದಂಡೆಯಲ್ಲಿ ಬಿಲ ತೋಡುತ್ತದೆ, ನೆಲದ ಮೇಲೂ ನಡೆದು ಹೋಗುತ್ತದೆ. ಪ್ರವಾಹ ಬಂದಾಗ ನದಿಯ ಜೊತೆಗೇ ಹೊಲ, ಕಾಲುವೆಗಳಿಗೆ ಹರಡುತ್ತದೆ. ನೀರು ಬತ್ತಿದಾಗ ಬೇರೆ ನೀರು ಹುಡುಕಿಕೊಂಡು ಹೊರಡುತ್ತದೆ. ಅಂದರೆ ಅದು ಊರಿನ ಮೇಲೆ ನುಗ್ಗಿ ಬರುತ್ತಿಲ್ಲ, ನೀರು ಇರುವ ಕಡೆ ಹೋಗುತ್ತಿದೆ.

ದೂರ ಬಿಟ್ಟರೆ ಏನಾಗುತ್ತದೆ?

ಇದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. ಮೂರು ದೊಡ್ಡ ಉಪ್ಪುನೀರಿನ ಮೊಸಳೆಗಳಿಗೆ ಉಪಗ್ರಹದ ಮೂಲಕ ಜಾಡು ಹಿಡಿಯುವ ಸಾಧನ ಕಟ್ಟಿ, ಅವನ್ನು ಹೆಲಿಕಾಪ್ಟರ್‌ನಲ್ಲಿ ದೂರ ಒಯ್ದು ಬಿಟ್ಟರು. ಮೂರೂ ತಮ್ಮ ಹಳೆಯ ಜಾಗಕ್ಕೇ ವಾಪಸ್ ಬಂದವು. ಅದರಲ್ಲಿ ಒಂದನ್ನು ಕೇಪ್ ಯಾರ್ಕ್ ಪರ್ಯಾಯ ದ್ವೀಪದ ಇನ್ನೊಂದು ಮಗ್ಗುಲಿಗೆ ಒಯ್ದಿದ್ದರು. ಅದು ಕರಾವಳಿಯನ್ನು ಸುತ್ತಿ, 400 ಕಿ.ಮೀ.ಗೂ ಹೆಚ್ಚು ದೂರವನ್ನು ಸುಮಾರು 20 ದಿನಗಳಲ್ಲಿ ಈಜಿ ಮನೆ ಸೇರಿತು. ಈ ಅಧ್ಯಯನ 2007ರಲ್ಲಿ ಪ್ರಕಟವಾಯಿತು.

ಮಗ್ಗರ್ ಬೇರೆ ಜಾತಿ. ಅದೂ ಅಷ್ಟೇ ದೂರ ಈಜುತ್ತದೆ ಎಂದು ಇದರಿಂದ ಹೇಳಲಾಗದು. ಆದರೆ ಮೊಸಳೆಗೆ ತನ್ನ ಜಾಗದ ನೆನಪಿರುತ್ತದೆ, ದಾರಿಯೂ ಗೊತ್ತಾಗುತ್ತದೆ ಎಂಬುದು ಸ್ಪಷ್ಟ. ಒಂದು ವೇಳೆ ಅದು ವಾಪಸ್ ಬರದಿದ್ದರೂ ಸಮಸ್ಯೆ ಉಳಿದೇ ಉಳಿಯುತ್ತದೆ. ಮೀನು ಮತ್ತು ಬಿಸಿಲು ಕಾಯುವ ದಂಡೆ ಇರುವ ಜಾಗ ಖಾಲಿಯಾದರೆ ಇನ್ನೊಂದು ಮೊಸಳೆ ಅಲ್ಲಿಗೆ ಬರಬಹುದು. ಹೊಸ ಜಾಗದಲ್ಲಿ ಬಿಟ್ಟದ್ದು ಅಲ್ಲಿನ ಮೊಸಳೆಗಳ ಜೊತೆ ಕಾದಾಡಬಹುದು, ಅಥವಾ ಅಲ್ಲಿನ ಜನಕ್ಕೆ ಎದುರಾಗಬಹುದು. ನಮ್ಮೂರಿನ ಭಯ ಪಕ್ಕದೂರಿಗೆ ಹೋಯಿತು, ಅಷ್ಟೆ.

ಹೊಲದೊಳಗೆ, ಮನೆ ಬಳಿ ಸಿಕ್ಕಿಕೊಂಡ ಮೊಸಳೆಯನ್ನು ಹಿಡಿದು ಹತ್ತಿರದ ನದಿಗೆ ಬಿಡಲೇಬೇಕು. ಅದು ತುರ್ತು ಕೆಲಸ, ಶಾಶ್ವತ ಪರಿಹಾರವಲ್ಲ.

ಕೊಂದುಬಿಟ್ಟರೆ?

ಚರ್ಮಕ್ಕಾಗಿ ನಡೆದ ಬೇಟೆಯಿಂದ 1970ರ ದಶಕದ ಹೊತ್ತಿಗೆ ನಮ್ಮ ಮೂರೂ ಮೊಸಳೆಗಳು ಅಳಿವಿನ ಅಂಚಿಗೆ ಬಂದಿದ್ದವು. 1975ರಲ್ಲಿ ಮೊಸಳೆ ಸಂರಕ್ಷಣಾ ಯೋಜನೆ ಶುರುವಾಯಿತು. ಮೊಟ್ಟೆ ಸಂಗ್ರಹಿಸಿ, ಮರಿ ಮಾಡಿಸಿ, ಬೆಳೆಸಿ ನದಿಗೆ ಬಿಟ್ಟ ಮೇಲೆ ಮಗ್ಗರ್ ಚೇತರಿಸಿಕೊಂಡಿತು. ಘರಿಯಾಲ್ ಇಂದಿಗೂ ತೀವ್ರ ಅಪಾಯದಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಮಗ್ಗರ್ ಇದೆ. ಅದನ್ನು ಕೊಲ್ಲುವುದು ಜೈಲು ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧ.

ಹಾಗಾದರೆ ದಾರಿ ಏನು?

ಗುಜರಾತಿನ ಚರೋತರ್ ಪ್ರದೇಶದ ಹಲವು ಹಳ್ಳಿಗಳಲ್ಲಿ ಜನ ಬಟ್ಟೆ ಒಗೆಯುವ ಕೆರೆಯಲ್ಲೇ ಮಗ್ಗರ್‌ಗಳಿವೆ. ಅಲ್ಲಿನವರು ಖೋಡಿಯಾರ್ ಮಾತೆಯ ವಾಹನವೆಂದು ಮೊಸಳೆಯನ್ನು ಗೌರವಿಸುತ್ತಾರೆ, ಅದರ ತಂಟೆಗೆ ಹೋಗುವುದಿಲ್ಲ. ಅಲ್ಲಿ ದಾಳಿಗಳು ಅಪರೂಪ. ಶ್ರೀಲಂಕಾದಲ್ಲಿ ನದಿಯ ಸ್ನಾನದ ಜಾಗಕ್ಕೆ ನೀರಿನಲ್ಲೇ ಬೇಲಿ ಹಾಕುವ ಪದ್ಧತಿ ಇದೆ. ಮೊಸಳೆ ಹೊರಗೆ, ಜನ ಒಳಗೆ. ನಮ್ಮ ನದಿ ದಂಡೆಯ ಊರುಗಳಲ್ಲೂ ಇದನ್ನು ಮಾಡಬಹುದು.

ಇನ್ನು ರೋಣಿಹಾಳದ ರೈತರ ಪ್ರಶ್ನೆ. ಮಗ್ಗರ್ ಹೆಚ್ಚಾಗಿ ಬೇಟೆಯಾಡುವುದು ಕತ್ತಲಾದ ಮೇಲೆ. ನದಿ ಪಕ್ಕದ ಹೊಲಗಳಿಗೆ ಹಗಲು ಕರೆಂಟ್ ಕೊಟ್ಟರೆ ಅಪಾಯ ತಗ್ಗಬಹುದು. ಆ ದಿನ ರೈತರು ಮೊಸಳೆಯನ್ನು ಕಟ್ಟಿ ತಂದದ್ದು ಅವರಿಗೂ ಅಪಾಯ, ಮೊಸಳೆಗೂ ಅಪಾಯ. ಆದರೆ ಅವರು ಕೇಳಿದ್ದು ಸರಿಯಾದದ್ದನ್ನೇ.

ನೀವು ನೆನಪಿಡಬೇಕಾದದ್ದು

• ಕತ್ತಲಲ್ಲಿ ನದಿ, ಕಾಲುವೆಗೆ ಇಳಿಯಬೇಡಿ. ಪಂಪ್‌ಸೆಟ್ ಬಳಿ ಹೋಗುವುದಾದರೆ ಟಾರ್ಚ್ ಇರಲಿ, ಜೊತೆಗೊಬ್ಬರಿರಲಿ.
• ಕೋಳಿ, ಮೀನು ಅಂಗಡಿಯ ತ್ಯಾಜ್ಯವನ್ನು ನೀರಿಗೆ ಎಸೆಯಬೇಡಿ. ಅದು ಮೊಸಳೆಯನ್ನು ಊಟಕ್ಕೆ ಕರೆದಂತೆ.
• ಬೇಸಿಗೆಯಲ್ಲಿ ದಂಡೆಯ ಮರಳಿನ ಬಳಿ ಎಚ್ಚರ. ತಾಯಿ ಮೊಸಳೆ ಮೊಟ್ಟೆ ಕಾಯುತ್ತಿರಬಹುದು.
• ಮೊಸಳೆ ಕಂಡರೆ ಗುಂಪು ಕಟ್ಟಿ ಸೆಲ್ಫಿಗೆ ಹೋಗಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಮುಂದಿನ ಸಲ ಇಂಥ ವಿಡಿಯೊ ಬಂದರೆ, ನಗುವ ಎಮೋಜಿಯ ಬದಲು ಈ ನಾಲ್ಕು ಸಾಲು ಸೇರಿಸಿ ಕಳಿಸಿ. ನದಿ ದಂಡೆಯಲ್ಲಿರುವ ಯಾರಿಗಾದರೂ ಉಪಯೋಗವಾದೀತು.