ನಿಂಬೆ ಕಿತ್ತಳೆಗಳ ರೋಗಗಳು

ಹಿತ್ತಿಲಿನಲ್ಲಿ ಒಂದು ನಿಂಬೆಯ ಗಿಡವಿದ್ದರೆ ಆ ಮನೆಯಲ್ಲಿ ಉಪ್ಪಿನಕಾಯಿಗೂ ಪಾನಕಕ್ಕೂ ಕೊರತೆಯಿಲ್ಲ. ಆದರೆ ಅನೇಕ ವರ್ಷ ಸಾಕಿದ ಗಿಡವು ಎಲೆ ಹಳದಿಯಾಗಿ ಸೊರಗಲಾರಂಭಿಸಿದರೆ, ನೀರು ಸಾಲದಾಯಿತೆಂದು ಭಾವಿಸಿ ಮನೆಯವರು ಬುಡಕ್ಕೆ ಇನ್ನಷ್ಟು ನೀರನ್ನು ಸುರಿಯುವರು. ಕೆಲವು ವೇಳೆ ಆ ನೀರೇ ಗಿಡಕ್ಕೆ ಮೃತ್ಯುವಾಗುವುದು. ಆದುದರಿಂದ ಮುಖ್ಯವಾದ ಮೂರು ರೋಗಗಳ ಗುರುತುಗಳನ್ನು ಗೃಹಸ್ಥರು ತಿಳಿದಿರುವುದು ಅವಶ್ಯಕ.

ಮೊದಲನೆಯದು ಕಜ್ಜಿ ರೋಗ. ಎಲೆ, ಎಳೆಯ ಕಡ್ಡಿ ಮತ್ತು ಕಾಯಿಗಳ ಮೇಲೆ ಕಂದುಬಣ್ಣದ ಒರಟು ಕಲೆಗಳು ಉಬ್ಬಿ ನಿಲ್ಲುವುವು. ಎಲೆಯಲ್ಲಿ ಅವುಗಳ ಸುತ್ತ ಹಳದಿಯ ಬಳೆ ಕಾಣುವುದು. ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಗಾಳಿಮಳೆಯ ಹನಿಗಳೊಡನೆ ಹರಡಿ, ರಂಗೋಲಿ ಹುಳು ಕೊರೆದ ಗಾಯಗಳಲ್ಲಿ ಸುಲಭವಾಗಿ ಒಳಹೊಗುವುದು. ಸಿಪ್ಪೆ ಕಜ್ಜಿಯಾದ ಹಣ್ಣಿನ ರಸವನ್ನು ಉಪಯೋಗಿಸುವುದರಿಂದ ಮನುಷ್ಯರಿಗೆ ಬಾಧೆಯಿಲ್ಲ. ರೋಗದ ಕಡ್ಡಿಗಳನ್ನು ಒಣಹವೆಯಲ್ಲಿ ಕತ್ತರಿಸಿ ಸುಟ್ಟು, ಗಿಡಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು. 100 ಗ್ರಾಂ ಮೈಲುತುತ್ತವನ್ನೂ 100 ಗ್ರಾಂ ಸುಣ್ಣವನ್ನೂ ಐದೈದು ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ತಿಳಿಗೆ ಕಲಕುತ್ತ ಸುರಿದರೆ ಇದು ಸಿದ್ಧವಾಗುವುದು. ಕಬ್ಬಿಣದ ಪಾತ್ರೆ ಸಲ್ಲದು. ಮೈಲುತುತ್ತವು ವಿಷವಾದುದರಿಂದ ಮಕ್ಕಳ ಕೈಗೆ ಸಿಕ್ಕದಂತೆ ಇಡಬೇಕು.

ಎರಡನೆಯದು ಅಂಟು ಸೋರುವ ರೋಗ. ಬುಡದಲ್ಲಿ ನೀರು ನಿಂತಾಗ ಮಣ್ಣಿನಲ್ಲಿರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯು ತೊಗಟೆಯನ್ನು ಕೊಳೆಯಿಸುವುದು. ಕಾಂಡದಿಂದ ಗೋಂದು ಇಳಿಯುವುದು. ಕೊಳೆತ ತೊಗಟೆಯನ್ನು ಹೆರೆದು ಬೋರ್ಡೋ ಸರಿಯನ್ನು ಲೇಪಿಸಬೇಕು. ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ. ಪಾತಿಯ ನೀರು ಕಾಂಡವನ್ನು ಮುಟ್ಟದಿರಲಿ.

ಮೂರನೆಯದು ಎಲ್ಲಕ್ಕಿಂತ ಕ್ರೂರವಾದ ಗ್ರೀನಿಂಗ್ ರೋಗ. ಚೀನೀಯರು ಇದನ್ನು ಹ್ವಾಂಗ್‌ಲಾಂಗ್‌ಬಿಂಗ್ ಎನ್ನುವರು. ಹಣ್ಣು ಸೊಟ್ಟಗಾಗಿ, ತುದಿ ಹಸುರಾಗಿಯೇ ಉಳಿದು, ರಸ ಕಹಿಯಾಗುವುದು, ಬೀಜಗಳು ಜೊಳ್ಳಾಗುವುವು. ಸತುವಿನ ಕೊರತೆಯಿಂದಲೂ ಎಲೆ ಹಳದಿಯಾಗುವುದುಂಟು. ಆದರೆ ಆಗ ನಡುನರದ ಎರಡು ಪಕ್ಕಗಳಲ್ಲಿಯೂ ಬಣ್ಣ ಒಂದೇ ಸಮನಾಗಿರುವುದು. ಗ್ರೀನಿಂಗ್ ತಗಲಿದ ಎಲೆಯಲ್ಲಿ ಒಂದು ಪಕ್ಕದ ಮಚ್ಚೆ ಇನ್ನೊಂದು ಪಕ್ಕದ ಮಚ್ಚೆಯನ್ನು ಹೋಲದು. ಇದನ್ನು ಹರಡುವುದು ಸಿಲ್ಲಿಡ್ ಎಂಬ ಪುಟ್ಟ ಕೀಟ. ಇದು ನಮ್ಮ ಕರಿಬೇವಿನ ಚಿಗುರಿನಲ್ಲಿಯೂ ಸಂಸಾರ ಹೂಡುವುದು. ಎರಡು ಗಿಡಗಳೂ ಜೊತೆಯಾಗಿರುವ ಹಿತ್ತಿಲುಗಳಲ್ಲಿ ಎಚ್ಚರ ಬೇಕು. ರೋಗದ ಮರದಿಂದ ತೆಗೆದ ಕಸಿಕಡ್ಡಿಯಿಂದಲೂ ರೋಗ ಹಬ್ಬುವುದೆಂದು ಚೀನದ ಲಿನ್ ಕುಂಗ್ ಶಿಯಾಂಗ್ ಎಂಬ ವಿಜ್ಞಾನಿಯು 1956ರಲ್ಲಿ ಪ್ರಕಟಿಸಿದನು. ಅಮೆರಿಕದ ಫ್ಲಾರಿಡಾದಲ್ಲಿ 2005ರಲ್ಲಿ ಕಾಣಿಸಿದ ಈ ರೋಗವು ಅಲ್ಲಿನ ಕಿತ್ತಳೆಯ ಉದ್ಯಮವನ್ನೇ ನೆಲಕಚ್ಚಿಸಿತು. ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿ ಮೆರೆದ ಕಿತ್ತಳೆಯ ಮರಗಳು ವಿರಳವಾದುದಕ್ಕೂ ಇತರ ಕಾರಣಗಳೊಡನೆ ಈ ರೋಗವು ಕಾರಣವಾಯಿತು.

ತಗಲಿದ ಮರವನ್ನು ಪೂರ್ಣವಾಗಿ ಗುಣಪಡಿಸುವ ಔಷಧವು ಇಂದಿಗೂ ದೊರೆತಿಲ್ಲ. ತೋಟಗಾರಿಕೆ ಬಲ್ಲವರಿಗೆ ತೋರಿಸಿ ರೋಗವು ನಿಶ್ಚಯವಾದರೆ, ಮೊದಲು ಕೀಟವನ್ನು ನಾಶಮಾಡಿ, ಅನಂತರ ಮರವನ್ನು ಬೇರುಸಹಿತ ತೆಗೆಯುವುದೊಂದೇ ಮಾರ್ಗ. ಹಿರಿಯರು ನೆಟ್ಟ ಮರಕ್ಕೆ ಕೊಡಲಿ ಹಾಕಲು ಯಾರಿಗೆ ತಾನೇ ಮನಸ್ಸು ಬಂದೀತು? ಆದರೆ ನಾವು ಮರುಕದಿಂದ ಉಳಿಸಿಕೊಂಡ ಒಂದು ಮರವು ನೆರೆಯವರ ಹತ್ತು ಮರಗಳಿಗೆ ಸಾವನ್ನು ಹಂಚುವುದು.

ಆದಕಾರಣ ಹೊಸ ಗಿಡವನ್ನು ನೆಡುವಾಗಲೇ ಜಾಗರೂಕರಾಗಿರಬೇಕು. ಸಂತೆಯಲ್ಲಿ ಅಗ್ಗವಾಗಿ ಸಿಕ್ಕಿತೆಂದು ಗೊತ್ತುಗುರಿಯಿಲ್ಲದ ಸಸಿಯನ್ನು ತರದೆ, ರೋಗವಿಲ್ಲದ ತಾಯಿಮರದಿಂದ ಕಸಿಮಾಡಿದುದನ್ನೇ ನಂಬಿಕೆಯುಳ್ಳ ಸಸ್ಯಕ್ಷೇತ್ರದಿಂದ ಕೊಳ್ಳಬೇಕು. ಸಸಿಗೆ ಎರಡು ಕಾಸು ಹೆಚ್ಚು ತೆತ್ತರೂ ಅದು ನಷ್ಟವಲ್ಲ. ಮುಂದೆ ಮಕ್ಕಳು ಅದರ ಹಣ್ಣನ್ನು ಕೊಯ್ಯುವರು.