ಬಿಗಿದುಕೊಂಡ ಅಲ್ಯುಮಿನಿಯಂ ಕೊಳವೆಗಳು

ಗುಂಡ್ಲುಪೇಟೆಯ ಹಳೆಯ ಮನೆಯೊಂದರ ಮಾಳಿಗೆಯ ಮೇಲೆ ಹವ್ಯಾಸಿ ರೇಡಿಯೋ ನಿಲಯದ ಏರಿಯಲ್ಲೊಂದು ಇಪ್ಪತ್ತು ವರ್ಷಗಳಿಂದ ನಿಂತಿದೆಯೆಂದು ಭಾವಿಸೋಣ. ಅದನ್ನು ಇಳಿಸಿ, ಬಿಚ್ಚಿ, ಚಾಮರಾಜನಗರದ ವಿದ್ಯಾರ್ಥಿಗಳಿಗೆ ಕೊಡಬೇಕಾಗಿದೆ. ತಿರುಪುಗಳನ್ನೆಲ್ಲ ತೆಗೆದಾಯಿತು. ಆದರೆ ಒಂದರೊಳಗೊಂದು ಸೇರಿದ ಕೊಳವೆಗಳು ಇಬ್ಬರು ಹಿಡಿದೆಳೆದರೂ ಅಲುಗವು. ಅಲ್ಯುಮಿನಿಯಂ ತುಕ್ಕು ಹಿಡಿಯುವುದಿಲ್ಲವೆಂದು ನಾವೆಲ್ಲ ಕೇಳಿದ್ದೇವೆ. ಹಾಗಾದರೆ ಇವನ್ನು ಬಂಧಿಸಿದುದು ಯಾವುದು?

ಏರಿಯಲ್ಲನ್ನು ತುಂಡು ಕೊಳವೆಗಳಿಂದ ಕಟ್ಟುವುದೇಕೆಂಬುದನ್ನು ಮೊದಲು ತಿಳಿಯೋಣ. ಹವ್ಯಾಸಿಗಳು ದೂರ ಸಂಪರ್ಕಕ್ಕೆ ಬಳಸುವ 14 ಮೆಗಾಹರ್ಟ್ಸ್ ಆವರ್ತದಲ್ಲಿ ಅಲೆಯ ಉದ್ದ ಸುಮಾರು 21 ಮೀಟರು. ಏರಿಯಲ್ಲಿನ ಅಡ್ಡ ಕೊಳವೆ ಅದರ ಅರ್ಧದಷ್ಟು, ಎಂದರೆ ಸುಮಾರು ಹತ್ತು ಮೀಟರು ಉದ್ದವಿರಬೇಕು. ಅಷ್ಟುದ್ದದ ಒಂದೇ ಕೊಳವೆಯನ್ನು ಸಾಗಿಸುವುದು ಕಷ್ಟ. ಆದುದರಿಂದ ನಡುವೆ ದಪ್ಪ ಕೊಳವೆಯನ್ನಿಟ್ಟು, ಅದರ ಎರಡು ತುದಿಗಳಲ್ಲಿಯೂ ಕ್ರಮವಾಗಿ ಸಪುರಾದ ಕೊಳವೆಗಳನ್ನು ತೂರಿಸುತ್ತಾರೆ. ವಿದ್ಯುತ್ತು ಈ ಸಂದುಗಳ ಮೂಲಕವೇ ಹರಿಯಬೇಕು. ಸಂದು ಕೆಟ್ಟರೆ ಏರಿಯಲ್ಲೂ ಕೆಟ್ಟಂತೆ.

ಈಗ ಲೋಹದ ಗುಣಕ್ಕೆ ಬರೋಣ. ಅಲ್ಯುಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೆ ಆಮ್ಲಜನಕದೊಡನೆ ಸೇರಿ ಆಕ್ಸೈಡಿನ ಪೊರೆಯನ್ನು ಹೊದೆಯುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಈ ಪೊರೆಯ ದಪ್ಪ ಅಂತಹ ಕೆಲವೇ ಭಾಗಗಳು. ಅಷ್ಟು ತೆಳುವಾದರೂ ಅದು ಒಳಗಿನ ಲೋಹವನ್ನು ಕಾಪಾಡುತ್ತದೆ. ಆದರೆ ಎರಡು ಕೊಳವೆಗಳ ನಡುವಣ ಇಕ್ಕಟ್ಟಾದ ಸಂದಿನಲ್ಲಿ ಸಂಗತಿ ಬೇರೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಸಂದು ಮಳೆಯ ನೀರನ್ನು ಹೀರುತ್ತದೆ. ಹೊರಮೈ ಬಿಸಿಲಿಗೆ ಒಣಗಿದರೂ ಒಳಗಿನ ನೀರು ಬೇಗ ಆರುವುದಿಲ್ಲ. ಅಲ್ಲಿ ಆಮ್ಲಜನಕದ ಕೊರತೆಯುಂಟಾಗಿ, ಪೊರೆ ದುರ್ಬಲವಾಗಿ, ಲೋಹ ಸವೆದು ಬಿಳಿಯ ಹೈಡ್ರಾಕ್ಸೈಡ್ ಆಗುತ್ತದೆ. ಉಕ್ಕಿನ ತಿರುಪು ಜೊತೆಗಿದ್ದರೆ ಎರಡು ಲೋಹಗಳ ನಡುವೆ ಪುಟ್ಟ ವಿದ್ಯುತ್ಕೋಶವೇ ಏರ್ಪಟ್ಟು ಸವೆತ ಹೆಚ್ಚುತ್ತದೆ.

ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಶೀಘ್ರವಾಗಿ ನಡೆಯುತ್ತದೆ. ಗುಂಡ್ಲುಪೇಟೆ ಕಡಲಿನಿಂದ ದೂರ, ಇಲ್ಲಿ ನಿಧಾನ. ಆದರೂ ಮೇ ತಿಂಗಳ ಮಳೆ, ಸೆಪ್ಟೆಂಬರ್–ಅಕ್ಟೋಬರ್ ತಿಂಗಳ ಮಳೆ, ನಡುವೆ ಬಿಸಿಲು, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಆಸುಪಾಸಿನಲ್ಲಾದರೆ ಮಂಜು: ಹೀಗೆ ನೆನೆಯುವುದು, ಒಣಗುವುದು ವರ್ಷ ವರ್ಷವೂ ಮರುಕಳಿಸಿದರೆ ಸಂದು ತುಂಬಿಬಿಡುತ್ತದೆ.

ತುಂಬಿದರೆ ಬಿಗಿಯುವುದೇಕೆ? ಒಂದು ಸುಲಭವಾದ ಲೆಕ್ಕ ಮಾಡೋಣ. 27 ಗ್ರಾಂ ಅಲ್ಯುಮಿನಿಯಂ 10 ಘನ ಸೆಂಟಿಮೀಟರು ಜಾಗ ಹಿಡಿಯುತ್ತದೆ. ಅದು ಪೂರ್ತಿಯಾಗಿ ಹೈಡ್ರಾಕ್ಸೈಡ್ ಆದರೆ 78 ಗ್ರಾಂ ಆಗಿ, ಸುಮಾರು 32 ಘನ ಸೆಂಟಿಮೀಟರು ಜಾಗ ಬೇಡುತ್ತದೆ. ಮೂರು ಪಟ್ಟಿಗೂ ಮಿಗಿಲಾಗಿ ಉಬ್ಬಿದ ಈ ಪುಡಿ ಬಾಗಿಲಿಗೆ ಹೊಡೆದ ಬೆಣೆಯಂತೆ ಕೊಳವೆಗಳನ್ನು ಹಿಡಿದಿಡುತ್ತದೆ.

ಬೆಣೆಯನ್ನು ಒಡೆಯುವುದೇ ಬಿಡಿಸುವ ಉಪಾಯ, ಬರಿಯ ಬಲವಲ್ಲ. ಏರಿಯಲ್ಲನ್ನು ವಿದ್ಯುತ್ ತಂತಿಗಳಿಂದ ದೂರವಾಗಿ ಇಳಿಸಿ ನೆಲದ ಮೇಲಿಟ್ಟ ಬಳಿಕವೇ ಕೆಲಸವನ್ನಾರಂಭಿಸಬೇಕು. ಒಳಕೊಳವೆಯ ತೆರೆದ ಭಾಗವನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಬೇಕು. ಅನಂತರ ಹೊರಕೊಳವೆಯ ಮೇಲೆ ಕುದಿಯುವ ನೀರನ್ನು ಸುರಿಯಬೇಕು. 25 ಮಿಲಿಮೀಟರು ವ್ಯಾಸದ ಅಲ್ಯುಮಿನಿಯಂ ಕೊಳವೆಯ ಉಷ್ಣತೆ 70 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿದರೆ ವ್ಯಾಸ ಸುಮಾರು 0.04 ಮಿಲಿಮೀಟರು ಹಿಗ್ಗುತ್ತದೆ. ಇದು ಕೂದಲೆಳೆಗಿಂತ ತೆಳುವಾದ ಅಂತರ. ಆದರೂ ಪುಡಿಯ ಪದರದಲ್ಲಿ ಬಿರುಕು ಬಿಡಿಸಬಲ್ಲದು. ಅಲ್ಯುಮಿನಿಯಂ ಉತ್ತಮ ಉಷ್ಣವಾಹಕವಾದುದರಿಂದ ಒಳಕೊಳವೆಯೂ ಬೇಗನೆ ಬಿಸಿಯಾಗಿ ಹಿಗ್ಗುತ್ತದೆ. ಆದುದರಿಂದ ಅದಕ್ಕೆ ತಣ್ಣೀರಿನ ಬಟ್ಟೆ ಸುತ್ತಿ, ಬಿಸಿನೀರನ್ನು ಥಟ್ಟನೆ ಸುರಿಯಬೇಕು.

ಹೀಗೆ ನಾಲ್ಕಾರು ಸಲ ಮಾಡಿ, ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಸಂದಿನ ಬಾಯಿಗೆ ಮೆಕ್ಯಾನಿಕ್ಕುಗಳು ಬಳಸುವ ತೆಳು ಎಣ್ಣೆಯನ್ನು ಹನಿಸಿ ಒಂದು ರಾತ್ರಿ ಬಿಡಬೇಕು. ನೀರನ್ನು ಒಳಗೆಳೆದ ಶಕ್ತಿಯೇ ಈಗ ಎಣ್ಣೆಯನ್ನು ಬಿರುಕುಗಳೊಳಕ್ಕೆ ಎಳೆಯುತ್ತದೆ. ಮರುದಿನ ರಬ್ಬರಿನ ಪಟ್ಟಿ ಸುತ್ತಿ, ಎಳೆಯುವ ಬದಲು ಅತ್ತಿತ್ತ ತಿರುಚಬೇಕು. ತಿರುಗಿದರೆ ಗೆದ್ದಂತೆಯೇ, ಮತ್ತೆ ಎಣ್ಣೆ ಹನಿಸಿ, ತಿರುಚುತ್ತಲೇ ಎಳೆಯಬೇಕು. ಪೈಪ್ ರೆಂಚು ಹಾಕಿದರೆ ಕೊಳವೆ ತಗ್ಗಾಗಿ ಇನ್ನೂ ಬಿಗಿಯುತ್ತದೆ.

ಬೆಂಕಿಯ ಜ್ವಾಲೆಯನ್ನು ಹಿಡಿಯಬಾರದು. ಎಣ್ಣೆ ಹತ್ತಿಕೊಳ್ಳುವ ಅಪಾಯವಿದೆ. ಅದಲ್ಲದೆ ಅಲ್ಯುಮಿನಿಯಂ ಕಬ್ಬಿಣದಂತೆ ಕೆಂಪಗೆ ಕಾದು ಎಚ್ಚರಿಸುವುದಿಲ್ಲ. ಮೊದಲೇ ಮೆತ್ತಗಾಗಿ, 660 ಡಿಗ್ರಿಯಲ್ಲಿ ಕರಗಿಬಿಡುತ್ತದೆ. ಕಾಸ್ಟಿಕ್ ಸೋಡವೂ ಸಲ್ಲದು. ಅದು ಲೋಹವನ್ನೇ ತಿಂದು ಹೈಡ್ರೋಜನ್ ಅನಿಲವನ್ನು ಹೊರಗೆಡಹುತ್ತದೆ. ಯಾವುದಕ್ಕೂ ಬಗ್ಗದಿದ್ದರೆ ಹೊರಕೊಳವೆಯ ತುದಿಯನ್ನು ಉದ್ದಕ್ಕೆ ಗರಗಸದಿಂದ ಸೀಳಿ ತುಸು ಅಗಲಿಸಬಹುದು. ಆ ಸೀಳು ಮುಂದೆ ಕ್ಲ್ಯಾಂಪು ಹಾಕಲು ಒದಗುತ್ತದೆ.

ಮತ್ತೆ ಜೋಡಿಸುವಾಗ ಎರಡು ಮೈಗಳನ್ನೂ ಉಜ್ಜಿ, ಅಲ್ಯುಮಿನಿಯಂ ಸಂದುಗಳಿಗೆಂದೇ ಮಾರುವ ಸತುವಿನ ಪುಡಿ ಬೆರೆತ ಲೇಪವನ್ನು ತೆಳುವಾಗಿ ಸವರಬೇಕು. ನೀರು ಇಳಿದುಹೋಗಲು ಕೆಳಗಡೆ ಸಣ್ಣ ರಂಧ್ರವಿರಲಿ. ಈ ಶ್ರಮ ವ್ಯರ್ಥವಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ಕಡಿದಾಗ, ಹವ್ಯಾಸಕ್ಕಾಗಿ ಅಲ್ಲಿಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗರ ರೇಡಿಯೋ ಸುದ್ದಿಗಳನ್ನು ಹೊರಜಗತ್ತಿಗೆ ತಲುಪಿಸಿತು. ಅಂತಹ ಗಳಿಗೆಯಲ್ಲಿ ಏರಿಯಲ್ಲಿನ ಪ್ರತಿಯೊಂದು ಸಂದೂ ನಂಬಿಕೆಗೆ ಅರ್ಹವಾಗಿರಬೇಕು. ಲೋಹವನ್ನು ಕಾಯುವ ಆಮ್ಲಜನಕದ ನಂಟೇ ಇಕ್ಕಟ್ಟಿನಲ್ಲಿ ಅದನ್ನು ಕಟ್ಟಿಹಾಕುತ್ತದೆ. ಕಾರಣವನ್ನು ಅರಿತವನಿಗೆ ಸುತ್ತಿಗೆಯ ಅಗತ್ಯ ಕಡಮೆ.