ನಿಮಗಿದು ಗೊತ್ತೆ? ಕಡಲ ಮೇಲೆ ನದಿ ತೇಲುತ್ತದೆ!

ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಘಟ್ಟದ ಮೇಲೆ ಜೋರು ಮಳೆ ಸುರಿದರೆ ನೇತ್ರಾವತಿ, ಶರಾವತಿ, ಕಾಳಿ ನದಿಗಳು ಕೆಂಪು ನೀರನ್ನು ಕಡಲಿಗೆ ತಳ್ಳುತ್ತವೆ. ಅದು ಕೂಡಲೇ ಬೆರೆಯುವುದಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲನೀರು ಭಾರ, ಸಿಹಿನೀರು ಹಗುರ. ಹಾಗಾಗಿ ನದಿನೀರು ಒಂದಷ್ಟು ದೂರ ಮೇಲೆ ಮೇಲೆಯೇ ಹರಡುತ್ತದೆ. ಎರಡೂ ಸಂಧಿಸುವ ಗೆರೆ ನೊರೆ, ಕಸಕಡ್ಡಿಯ ಸಾಲಾಗಿ ದೋಣಿಯಿಂದಲೇ ಕಾಣುತ್ತದೆ. ಆ ಅಂಚಿನಲ್ಲಿ ಪ್ಲವಕಗಳು ಜಮೆಯಾಗುತ್ತವೆ. ಅವನ್ನರಸಿ ಸಣ್ಣ ಮೀನು, ಅದರ ಬೆನ್ನಿಗೆ ದೊಡ್ಡದು.

ಇದೇ ಕಾಲಕ್ಕೆ ಇನ್ನೊಂದು ನೀರು ತಳದಿಂದ ಬರುತ್ತದೆ. ಮುಂಗಾರು ಗಾಳಿ ಮೇಲ್ಪದರವನ್ನು ದಡದಿಂದಾಚೆ ಸರಿಸಿದಾಗ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇರುತ್ತದೆ. ಬಂಗುಡೆ, ಬೂತಾಯಿಗೆ ಸುಗ್ಗಿಯೇ ಸರಿ! ಆದರೆ ಆ ನೀರಲ್ಲಿ ಆಮ್ಲಜನಕ ಕಡಿಮೆ. ತಳದಲ್ಲಿ ಬದುಕುವ ಮೀನುಗಳು ಜಾಗ ಬಿಟ್ಟು ಸರಿಯಬೇಕಾಗುತ್ತದೆ.

ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ಮಳೆಗಾಲದಲ್ಲಿರುವ 61 ದಿನಗಳ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಆದರೂ ಮೀನಿದೆಯೆಂದು ಆತುರಪಡುವಂತಿಲ್ಲ. ಅಪಾಯವಿರುವುದು ನಡುಗಡಲಿಗಿಂತ ಹೆಚ್ಚಾಗಿ ಅಳಿವೆ ಬಾಗಿಲಲ್ಲಿ. ನೆರೆಯ ಸೆಳೆತಕ್ಕೆ ಇಳಿತವೂ ಸೇರಿ, ಎದುರು ಬರುವ ಅಲೆಗೆ ಅಪ್ಪಳಿಸಿದಾಗ ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ಅನುಭವಿಗಳು ಅಲ್ಲಿ ಭರತಕ್ಕಾಗಿ ಕಾಯುತ್ತಾರೆ.